ಮೌನದಲ್ಲಿ ಮಾಗಿದ ಕಾಫಿ

ಆ ಕಾಫಿ ತೋಟದಲ್ಲಿ ಮಾತಾಡುವ ಕೆಲಸ ಅಣ್ಣನದು, ಮಿಕ್ಕ ಕೆಲಸವೆಲ್ಲ ತಂಗಿಯದು. ಅಪ್ಪ ತೀರಿಹೋದ ಮೇಲೆ ಇಪ್ಪತ್ತೆರಡು ವರ್ಷ ಹೀಗೇ ನಡೆದುಬಂದಿತ್ತು. ಇದರಲ್ಲಿ ಏನೋ ಓರೆಕೋರೆ ಇದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ತಂಗಿಗೆ ಅನ್ನಿಸಿತ್ತು, ಆದರೆ ಅದನ್ನು ಹೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಅವಳಿಗೆ ನಲವತ್ತಾರು. ಮದುವೆಯಾಗಿ ಹೋಗಿ ಎರಡೇ ವರ್ಷಕ್ಕೆ ತಿರುಗಿ ಬಂದವಳು. ಗಂಡ ಕೆಟ್ಟವನೇನಲ್ಲ, ಆದರೆ ಅವನಿಗಿಂತ ಪಲ್ಪರ್ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂದು ಒಂದೇ ಮಾತಿನಲ್ಲಿ ಆ ಅಧ್ಯಾಯ ಮುಗಿಸಿದ್ದಳು. ಹಣ್ಣು ಗಿಡದಿಂದ ಇಳಿದು, ಪಲ್ಪರ್‌ನಲ್ಲಿ ಸಿಪ್ಪೆ ಕಳೆದುಕೊಂಡು, ಕಣದಲ್ಲಿ ಒಣಗಿ, ಚೀಲ ಸೇರುವವರೆಗೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಕುಯ್ಲಿಗೆ ಬರುವ ಹೆಂಗಸರು ಅವಳಿಗೆ ಕಣದಕ್ಕ ಎಂದು ಹೆಸರಿಟ್ಟರು. ಊರೆಲ್ಲ ಹಾಗೇ ಕರೆಯಿತು, ಕೊನೆಗೆ ಹೆತ್ತ ತಾಯಿಯೂ ಹಾಗೇ ಕರೆದಳು.

ಅಣ್ಣ ಅವಳಿಗಿಂತ ಮೂರು ವರ್ಷ ದೊಡ್ಡವನು. ಬೆಳಗ್ಗೆ ಎಂಟಕ್ಕೆ ಏಳುತ್ತಿದ್ದ. ಎದ್ದವನು ಮಲಗುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ, ಮಲಗಿದ ಮೇಲೂ ಪೂರ್ತಿ ಮುಚ್ಚುವುದಿಲ್ಲ ಎಂದು ಅತ್ತಿಗೆಯ ದೂರು. ಬೆಳೆಗಾರರ ಸಂಘದಲ್ಲಿ ಅವನನ್ನು ಹಿಂದಿನಿಂದ 'ಭಾಷಣ' ಎನ್ನುತ್ತಿದ್ದರು. ಮುಂದಿನಿಂದಲೂ ಎನ್ನಬಹುದಿತ್ತು, ಅವನು ಅದನ್ನು ಹೊಗಳಿಕೆ ಎಂದೇ ತಿಳಿಯುತ್ತಿದ್ದ.

ಹಿಂದಿನ ವರ್ಷ ಕುಯ್ಲು ಭರದಲ್ಲಿದ್ದಾಗ ಸಂಘದವರು ಒಂದು ಸಭೆ ಮಾಡಿದರು. ಅಣ್ಣ ವೇದಿಕೆ ಹತ್ತಿ, ತಾನು ದಿನಾ ಬೆಳಗಿನ ಜಾವ ಐದಕ್ಕೆ ಎದ್ದು ಕಣಕ್ಕೆ ಹೋಗಿ, ಒದ್ದೆ ಬೀಜವನ್ನು ಅಂಗೈಯಲ್ಲಿ ಹಿಡಿದು ಅದರ ಮನಸ್ಸು ತಿಳಿಯುತ್ತೇನೆ ಎಂದ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕಣದಕ್ಕ ತನ್ನ ಅಂಗೈ ನೋಡಿಕೊಂಡಳು. ಕಾಫಿ ಹಣ್ಣಿನ ಕಪ್ಪು ಕಲೆ ಇಪ್ಪತ್ತೆರಡು ವರ್ಷದಲ್ಲಿ ಉಗುರಿನ ಸಂದಿಗೆ ಇಳಿದು ಅಲ್ಲೇ ಮನೆ ಮಾಡಿತ್ತು. ನೇರ ತೋಟಕ್ಕೆ ಬಂದು ಪಲ್ಪರ್ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿಕೊಂಡು, ಒಂದು ಕೈಚೀಲ ಹಿಡಿದು ಸಂಜೆ ಬಸ್ಸು ಹತ್ತಿದಳು.

ಮಾರನೆಯ ದಿನ ಹಣ್ಣು ಬಂತು, ಪಲ್ಪರ್ ಕೋಣೆ ಬೀಗ ಹಾಕಿಕೊಂಡು ನಗುತ್ತಿತ್ತು. ಬೀಗ ಒಡೆದರೆ ತಂಗಿಗೆ ಸೋತಂತೆ, ಬಿಟ್ಟರೆ ಹಣ್ಣು ಹಾಳು. ಅಣ್ಣ ಎರಡರ ಮಧ್ಯೆ ಒಂದು ದಾರಿ ಹುಡುಕಿದ. ನೀರು ತುಂಬುವ ಆರು ನೀಲಿ ಡ್ರಮ್ಮುಗಳಿಗೆ ಹಣ್ಣು ಸುರಿಸಿ, ನೊಣ ಕೂರದಿರಲಿ ಎಂದು ಮುಚ್ಚಳ ಬಿಗಿಸಿ, ಕೊಟ್ಟಿಗೆಯ ತಣ್ಣನೆ ಸಿಮೆಂಟು ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. ಆಮೇಲೆ ಮನೆಯಲ್ಲಿ ಎಲ್ಲರ ಮೇಲೂ ಮುನಿಸಿಕೊಂಡ. ಅವನು ಮುನಿಸಿಕೊಂಡಿದ್ದಕ್ಕೆ ಅತ್ತಿಗೆ ಮುನಿಸಿಕೊಂಡಳು, ಇಬ್ಬರ ಮೇಲೂ ಅಮ್ಮ ಮುನಿಸಿಕೊಂಡಳು. ಜನ್ಮದಲ್ಲಿ ಮೊದಲ ಬಾರಿಗೆ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು.

ನಾಲ್ಕನೇ ದಿನ ಕಣದಕ್ಕ ಮರಳಿದಳು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾದರೆ ಮಾತಾಡಬೇಕಿತ್ತಲ್ಲ. ಡ್ರಮ್ಮಿನ ಮುಚ್ಚಳ ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಬಂತು. ಕಳಿತ ಅನಾನಸ್ಸು, ಜೇನು, ಹಳೆಯ ದ್ರಾಕ್ಷಾರಸ ಎಲ್ಲ ಸೇರಿದ ಒಂದು ಘಾಟು ವಾಸನೆ. ತಿಪ್ಪೆಗೆ ಹಾಕು ಎಂದ ಅಣ್ಣ. ಅವನು ಹಾಕು ಎಂದನಲ್ಲ, ಅದಕ್ಕೇ ಅವಳು ಹಾಕಲಿಲ್ಲ. ಸಿಪ್ಪೆ ಸಮೇತ ಕಣದ ಹಿಂಭಾಗದ ಜಾಲರಿ ಮೇಜುಗಳ ಮೇಲೆ ಹರವಿ, ಮೂರು ವಾರ ಒಣಗಿಸಿ, ಬೇರೆ ಚೀಲದಲ್ಲಿ ಕಟ್ಟಿಟ್ಟಳು. ಆ ಚೀಲದಿಂದ ಅತ್ತಿಗೆ ತಪ್ಪಿ ಒಂದು ಹಿಡಿ ಬೀಜ ತೆಗೆದು, ನಗರದ ಕಾಫಿ ಹುರಿಯುವವನೊಬ್ಬನಿಗೆ ನಮೂನೆ ಎಂದು ಅಂಚೆಯಲ್ಲಿ ಕಳಿಸಿದಳು.

ಆ ಮನುಷ್ಯ ಫೋನು ಮಾಡಿ ಹೆಚ್ಚುಕಮ್ಮಿ ಅತ್ತ. ಹದಿನೈದು ವರ್ಷದಲ್ಲಿ ಇಂಥದ್ದು ಕುಡಿದಿಲ್ಲ, ಇದ್ದಷ್ಟನ್ನೂ ತನಗೇ ಕೊಡಬೇಕು ಎಂದ. ಡ್ರಮ್ಮಿನಲ್ಲಿ ನಾಲ್ಕು ದಿನ ಇಟ್ಟದ್ದು ಎಂದು ಫೋನೆತ್ತಿದ ಅಣ್ಣ ಹೇಳಿದಾಗ, ಆ ನಾಲ್ಕು ದಿನ ಏನು ಮಾಡಿದಿರಿ ಎಂದು ಕೇಳಿದ. ತಂಗಿ ಮುನಿಸಿಕೊಂಡು ಓಡಿಹೋಗಿದ್ದಳು ಎಂದು ಗಿರಾಕಿಗೆ ಹೇಳಲಾಗುತ್ತದೆಯೇ? ಅಣ್ಣನ ಬಾಯಿಂದ ಅಪರೂಪಕ್ಕೆ ಒಂದು ನಿಜ ಜಾರಿತು: ಆ ನಾಲ್ಕು ದಿನ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ ಎಂದ. ಆ ಕಡೆಯಿಂದ "ಅಬ್ಬಾ" ಎಂಬ ಉಸಿರು.

ಅಷ್ಟು ಸಾಕಾಯಿತು. ಅಣ್ಣ ಆ ಒಂದು ನಿಜವನ್ನು ನೆಟ್ಟು, ನೀರೆರೆದು, ಹತ್ತು ನಿಮಿಷದಲ್ಲಿ ಮರ ಮಾಡಿದ. ಇದು ಮುತ್ತಜ್ಜನ ಕಾಲದ ಪದ್ಧತಿ, ಹಣ್ಣು ಮಾಗುವಾಗ ಮನುಷ್ಯನ ದನಿ ತಾಗಬಾರದು, ತಾಗಿದರೆ ರುಚಿ ಮುನಿಯುತ್ತದೆ ಎಂದ. ಎರಡು ತಿಂಗಳಲ್ಲಿ ಕಂದು ಬಣ್ಣದ ಚೆಂದದ ಪೊಟ್ಟಣ ಬಂತು. ಮೇಲೆ 'ಒಂದೇ ತೋಟ, ಒಂದೇ ಮನೆತನ. ಮೌನದಲ್ಲಿ ಮಾಗಿದ ಕಾಫಿ' ಎಂದಿತ್ತು. ಕೆಳಗೆ ಅಣ್ಣನ ಚಿತ್ರ. ಹಣ್ಣಿನ ರಾಶಿಯಲ್ಲಿ ಕೈ ಅದ್ದಿಕೊಂಡು ದೂರದ ದಿಗಂತ ನೋಡುತ್ತಿದ್ದ. ಅತ್ತ ಕಡೆ ಇರುವುದು ಕಕ್ಕಸು ಎಂದು ಕಣದಕ್ಕನಿಗೆ ಗೊತ್ತಿತ್ತು.

ಈ ವರ್ಷ ಕುಯ್ಲು ಶುರುವಾಗುವ ಹೊತ್ತಿಗೆ ಹುರಿಯುವವನು ತಾನೇ ಬರುತ್ತೇನೆ, ನಾಲ್ಕೂ ದಿನ ಜೊತೆಗಿದ್ದು ಎಲ್ಲವನ್ನೂ ಫೋನಿನಲ್ಲಿ ಚಿತ್ರ ಹಿಡಿಯುತ್ತೇನೆ ಎಂದ. ಹೇಳಿದ ದಿನಕ್ಕೆ ಬಂದೇಬಂದ. ಗಡ್ಡ ಬಿಟ್ಟ, ಸಾಧು ಮುಖದ ಮನುಷ್ಯ, ಸೆಕೆಯಲ್ಲೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಕುಯ್ಲಿನ ಹೆಂಗಸರು ಒಂದೇ ಗಂಟೆಯಲ್ಲಿ ಅವನಿಗೆ 'ಟೋಪಿ' ಎಂದು ಹೆಸರಿಟ್ಟರು. ಟೋಪಿಗೇ ಟೋಪಿ ಹಾಕುತ್ತಿದ್ದಾರೆ ಇವರು ಎಂದು ನಕ್ಕರು.

ಕೊಟ್ಟಿಗೆಯೊಳಗೆ ಕತ್ತಲು, ಚಿತ್ರ ಸರಿಯಾಗಿ ಬರುವುದಿಲ್ಲ ಎಂದು ಅಣ್ಣ ಹಣ್ಣು ತುಂಬಿದ ಆರೂ ಡ್ರಮ್ಮುಗಳನ್ನು ಮನೆಯ ಮುಂದಿನ ಜಗಲಿಗೆ ಎತ್ತಿಸಿ ಇಡಿಸಿದ್ದ. ಅಲ್ಲಿ ಬಿಸಿಲು ಬೀಳುತ್ತೆ ಕಣೋ ಎಂದು ಕಣದಕ್ಕ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಮೌನ ಶುರುವಾಗಿತ್ತು.

ಮೊದಲ ದಿನ ಕಣದಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಣ್ಣ ಬಾಯಿ ಮುಚ್ಚಿಕೊಂಡಿರುವುದನ್ನು ನೋಡಲು ಜನ ದುಡ್ಡು ಕೊಟ್ಟು ಬರಬೇಕು, ನನಗೆ ಪುಕ್ಕಟೆ ಸಿಕ್ಕಿದೆ ಎಂದು ಒಳಗೊಳಗೇ ಹಿಗ್ಗಿದಳು. ಮಾತು ಹೊರಗೆ ಬರದೆ ಅವನ ಕೈಗೆ, ಹುಬ್ಬಿಗೆ, ಭುಜಕ್ಕೆ ನುಗ್ಗಿತ್ತು. ಉಪ್ಪು ಬೇಕೆನ್ನಲು ಅವನು ಮಾಡಿದ ಸನ್ನೆಗೆ ಅತ್ತಿಗೆ ಛತ್ರಿ ತಂದುಕೊಟ್ಟಳು. ಅವಳಿಗೆ ಅರ್ಥವಾಗಿತ್ತು ಎಂದೇ ಕಣದಕ್ಕನ ಅನುಮಾನ. ಎರಡನೆಯ ದಿನ ಬೆಳಗ್ಗೆ ಸ್ನಾನದ ಮನೆಯಲ್ಲಿ ನಲ್ಲಿ ಅರ್ಧ ಗಂಟೆ ಸುರಿಯಿತು. ಕಿವಿಗೊಟ್ಟರೆ ಒಳಗೆ ಅಣ್ಣ ಬಕೆಟ್ಟಿಗೆ ಸಂಘದ ರಾಜಕೀಯ ವಿವರಿಸುತ್ತಿದ್ದ. ಟೋಪಿ ಮಾತ್ರ ಭಕ್ತಿಯಿಂದ ಇದ್ದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದ, ಕೆಮ್ಮು ಬಂದರೆ ಗಿಡದ ಮರೆಗೆ ಓಡುತ್ತಿದ್ದ. ಅಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಈ ಎಲ್ಲರನ್ನೂ ದನ ನೋಡುವಂತೆ ನೋಡುತ್ತಿದ್ದಳು.

ಮೂರನೆಯ ದಿನ ಬಿಸಿಲು ಏರುವ ಹೊತ್ತಿಗೆ ಕಣದಕ್ಕ ಡ್ರಮ್ಮುಗಳ ಪಕ್ಕ ಹಾದುಹೋಗುವಾಗ ಕಾಲು ನಿಂತಿತು. ಎರಡು ಡ್ರಮ್ಮುಗಳ ಮುಚ್ಚಳ ಉಬ್ಬಿ ಹೊಟ್ಟೆ ಬಂದಿತ್ತು. ಬಗ್ಗಿ ಮೂಸಿದಳು. ಅನಾನಸ್ಸಿಲ್ಲ, ಜೇನಿಲ್ಲ. ಹುಳಿ ತಿರುಗಿದ ವಾಸನೆ, ಮೂಗಿನ ತುದಿಗೆ ಸೂಜಿ ಚುಚ್ಚಿದಂತೆ. ಡ್ರಮ್ಮಿನ ಮೈ ಮುಟ್ಟಿದರೆ ಜ್ವರ ಬಂದ ಹಣೆಯ ಹಾಗೆ ಸುಡುತ್ತಿತ್ತು. ಕೊಟ್ಟಿಗೆಯ ತಂಪಿನಲ್ಲಿ ನಾಲ್ಕು ದಿನಕ್ಕೆ ಆದದ್ದು ಈ ಬಿಸಿಲಲ್ಲಿ ಎರಡೇ ದಿನಕ್ಕೆ ಮುಗಿದು, ಈಗ ಕೆಡುವ ದಾರಿ ಹಿಡಿದಿತ್ತು.

ಅಣ್ಣನ ತೋಳು ಹಿಡಿದು ಎಳೆತಂದು ಡ್ರಮ್ಮು ತೋರಿಸಿದಳು. ಅವನು ನಾಲ್ಕು ಬೆರಳು ತೋರಿಸಿದ, ನಾಲ್ಕು ದಿನ ಎಂದು. ಅವಳು ಮೂಗು ಹಿಡಿದು ತೋರಿಸಿದಳು. ತನಗೇ ಅವಮಾನ ಮಾಡುತ್ತಿದ್ದಾಳೆ ಎಂದುಕೊಂಡು ಅವನು ಕೆಂಪಾದ. ಅಷ್ಟರಲ್ಲಿ ಟೋಪಿ ಫೋನು ಹಿಡಿದು ಓಡಿಬಂದ. ಇದು ಮೂರನೆಯ ದಿನದ ವಿಧಿ ಇರಬೇಕೆಂದು ತಿಳಿದು, ಕಣ್ಣು ಮುಚ್ಚಿ, ಗಂಭೀರವಾಗಿ ತಾನೂ ಮೂಗು ಹಿಡಿದುಕೊಂಡ.

ಅವನ ಮುಖ ನೋಡಿ ಕಣದಕ್ಕನಿಗೆ ನಗು ಬರಬೇಕಿತ್ತು. ಬಂದದ್ದು ಸಂಕಟ. ಮುಷ್ಟಿ ತುಂಬ ಕೆಂಪು ಹಣ್ಣನ್ನೇ ಆರಿಸಿ ಕಿತ್ತ ಹೆಂಗಸರ ದುಡಿಮೆ ಆ ಡ್ರಮ್ಮುಗಳಲ್ಲಿತ್ತು. ಸುಮ್ಮನಿದ್ದರೆ ಸುಳ್ಳು ಉಳಿಯುತ್ತದೆ, ಹಣ್ಣು ಕೊಳೆಯುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಅಣ್ಣನದಷ್ಟೇ ಅಲ್ಲ, ತನ್ನದೂ. ಕುಯ್ಲಿನ ನಡುವೆ ಬೀಗ ಹಾಕಿಕೊಂಡು ಹೋದವಳು ತಾನೇ ತಾನೆ?

"ಹಾಳಾಗ್ತಿದೆ," ಎಂದಳು. ಎರಡು ದಿನ ಆಡದೇ ಇದ್ದ ಗಂಟಲಿನಿಂದ ದನಿ ಕರಕರ ಎಂದು ಬಂತು. "ಈಗಲೇ ತೆಗೀಬೇಕು. ಇನ್ನೊಂದು ದಿನ ಬಿಟ್ರೆ ಇದರಿಂದ ನೆಲ ಒರೆಸ್ಬಹುದು, ಅಷ್ಟೇ."

ಟೋಪಿಯ ಕೈಯಿಂದ ಫೋನು ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ದನಿ ತಾಗಿತಲ್ಲ ಎಂದು ಪಿಸುಗುಟ್ಟಿ ಡ್ರಮ್ಮಿನ ಕಡೆ ನೋಡಿದ. ಅಣ್ಣ ಎರಡೂ ಕೈಯಿಂದ ತಂಗಿಯ ಬಾಯಿ ಮುಚ್ಚಲು ಬಂದ. ಅವಳು ಕೈ ಕೊಡವಿದಳು.

"ತಾಗ್ಲಿ ಬಿಡಿ ಸಾರ್. ದನಿಯಿಂದ ಕೆಡ್ಲಿಲ್ಲ ಇದು, ಬಿಸಿಲಿಗೆ ಕೆಡ್ತು. ಚಿತ್ರ ಚೆನ್ನಾಗಿ ಬರ್ಲಿ ಅಂತ ಇವನು ಡ್ರಮ್ಮೆಲ್ಲ ಇಲ್ಲಿಗೆ ತಂದಿಟ್ಟ."

"ಆದ್ರೆ ನಿಮ್ಮ ಮುತ್ತಜ್ಜ..."

"ನಮ್ಮ ಮುತ್ತಜ್ಜ ಕುರಿ ಕಾಯ್ತಿದ್ರು. ಕಾಫಿ ಗಿಡ ಕಣ್ಣಲ್ಲೂ ಕಂಡಿರ್ಲಿಲ್ಲ. ತೋಟ ಹಾಕಿದ್ದು ನಮ್ಮಪ್ಪ."

ಆಮೇಲೆ ಅವಳು ನಿಲ್ಲಲಿಲ್ಲ. ಸಭೆ, ಭಾಷಣ, ಬೀಗ, ಬಸ್ಸು ಎಲ್ಲ ಹೇಳಿದಳು. ಹೋದದ್ದೆಲ್ಲಿಗೆ ಎಂಬುದನ್ನೂ ಹೇಳಿದಳು. ಪೇಟೆಯ ಬಸ್‌ಸ್ಟ್ಯಾಂಡ್ ಎದುರಿನ ಒಂದು ಲಾಡ್ಜಿನಲ್ಲಿ ರೂಮು ಹಿಡಿದು, ಬಾಗಿಲು ಹಾಕಿಕೊಂಡು, ದಿನಕ್ಕೆ ಎರಡು ಸಲ ಬಿಸಿನೀರು ಸ್ನಾನ ಮಾಡಿ, ಮಂಚದ ಮೇಲೆ ಕಾಲು ಚಾಚಿ ಟೀವಿಯಲ್ಲಿ ಕುಸ್ತಿ ನೋಡಿದ್ದಳು. ನಾಲ್ಕು ದಿನ ಯಾರೂ ಅವಳನ್ನು ಏನೂ ಕೇಳಲಿಲ್ಲ. ಅಷ್ಟು ಸುಖವಾಗಿ ಹುಟ್ಟಿದಾಗಿನಿಂದ ನಿದ್ದೆ ಮಾಡಿರಲಿಲ್ಲ. ಹಣ್ಣು ಕೊಳೆಯುತ್ತಿರುತ್ತದೆ ಎಂದು ಗೊತ್ತಿತ್ತು, ಗೊತ್ತಿದ್ದೇ ಮಲಗಿದ್ದಳು. ಅದು ತಪ್ಪು ಎಂದಳು. ಆದರೆ ಹಾಸಿಗೆ ಚೆನ್ನಾಗಿತ್ತು ಎಂದೂ ಸೇರಿಸಿದಳು.

ಅಣ್ಣನ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಮೂರು ದಿನದಲ್ಲಿ ಅದೊಂದೇ ನಿಜವಾದ ಮೌನ. ಆಗ ಬಾಗಿಲ ಬಳಿಯ ಕುರ್ಚಿಯಿಂದ ಅಮ್ಮ ಗಂಟಲು ಸರಿಮಾಡಿಕೊಂಡಳು.

"ಇನ್ನೊಂದು ಬೀಗದ ಕೈ ನನ್ನ ಹತ್ರನೇ ಇತ್ತು," ಎಂದಳು.

ಎಲ್ಲರೂ ಅತ್ತ ತಿರುಗಿದರು.

"ಅಂಗಿ ಗುಂಡಿಯ ಡಬ್ಬಿಯಲ್ಲಿ. ನಿಮ್ಮಪ್ಪ ಎರಡು ಮಾಡ್ಸಿದ್ರು."

"ಮತ್ತೆ ಯಾಕಮ್ಮ ಕೊಡ್ಲಿಲ್ಲ?" ಅಣ್ಣನ ದನಿ ಕೊನೆಗೂ ಬಂತು, ಅಳುವ ಮಗುವಿನ ಹಾಗೆ.

"ನೀನು ಕೇಳ್ಲಿಲ್ಲ. ಬೆಳಗ್ಗೆ ಐದಕ್ಕೇ ಏಳ್ತೀನಿ ಅಂತ ಸಭೆಯಲ್ಲಿ ಹೇಳ್ಕೊಂಡು ಬಂದೆಯಂತಲ್ಲ. ಅವಳಿಲ್ದೆ ಅದು ಹೇಗೆ ನಡೆಯುತ್ತೆ ನೋಡೋಣ ಅಂತ ನಾನೂ ಸುಮ್ಮನೆ ಕೂತೆ. ಕೊಳೆತ್ರೆ ಕೊಳೀಲಿ ಅಂದ್ಕೊಂಡೆ. ಅದು ನೋಡಿದ್ರೆ ಕೊಳೀಲೇ ಇಲ್ಲ."

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ತಡೆಯಲಾರದ ನಗು ಕೇಳಿಸಿತು.

ಕಣದಕ್ಕ ಅಷ್ಟು ಹೊತ್ತು ನಿಂತಿರಲಿಲ್ಲ. ಮೊದಲ ಡ್ರಮ್ಮಿನ ಮುಚ್ಚಳ ತಿರುಗಿಸಿಯಾಗಿತ್ತು. ಬುಟ್ಟಿ ತನ್ನಿ ಎಂದಳು, ಯಾರಿಗೆಂದು ಹೇಳದೆ. ತಂದವನು ಅಣ್ಣ. ಇಬ್ಬರೂ ಸೇರಿ ಡ್ರಮ್ಮು ವಾಲಿಸಿದರು. ಹಣ್ಣಿನ ಅಂಟುನೀರು ಅವನ ಇಸ್ತ್ರಿ ಪ್ಯಾಂಟಿನ ಮೇಲೆ ಸುರಿಯಿತು, ಅವನು ಕಾಲು ಕೊಡವಿ ಮುಂದಿನ ಡ್ರಮ್ಮಿಗೆ ಕೈ ಹಾಕಿದ. ಎರಡನೆಯ ಡ್ರಮ್ಮಿನ ಹೊತ್ತಿಗೆ ಟೋಪಿಯೂ ಫೋನು ಜೇಬಿಗೆ ಹಾಕಿ ಬುಟ್ಟಿ ಹೊತ್ತ. ಬೆವರು ಕಣ್ಣಿಗಿಳಿದಾಗ ಉಣ್ಣೆಯ ಟೋಪಿ ತೆಗೆದು ಬಿಸಾಡಿದ. ಒಳಗೆ ಬೋಳು. ಕುಯ್ಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇಟ್ಟ ಹೆಸರು ಬದಲಾಯಿಸಬೇಕೇನೋ ಎಂದು.

ಸಂಜೆಯೊಳಗೆ ಆರೂ ಡ್ರಮ್ಮು ಖಾಲಿಯಾದವು. ಎರಡು ಡ್ರಮ್ಮಿನದು ಮೀರಿಹೋಗಿತ್ತು, ಕಣದಕ್ಕ ತಾನೇ ಹೊತ್ತುಕೊಂಡು ಹೋಗಿ ಗೊಬ್ಬರದ ಗುಂಡಿಗೆ ಹಾಕಿದಳು. ಮಿಕ್ಕ ನಾಲ್ಕರ ಹಣ್ಣು ಮೇಜು ಸೇರಿತು.

ಹುರಿಯುವವನು ಕೈ ತೊಳೆದುಕೊಂಡು ಬಂದು, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತ. ತನ್ನ ಅಂಗಡಿಯಲ್ಲಿ ಈ ಕಾಫಿ ಕೊಡುವಾಗ ಹಾಡು ನಿಲ್ಲಿಸುತ್ತಿದ್ದೆ ಎಂದ. ಗಿರಾಕಿಗಳಿಗೆ ಒಂದು ನಿಮಿಷ ಮಾತು ಬೇಡ ಎಂದು ಕೇಳಿಕೊಳ್ಳುತ್ತಿದ್ದೆ. ಒಬ್ಬಾಕೆ ಆ ಒಂದು ನಿಮಿಷದಲ್ಲಿ ಅತ್ತಿದ್ದಳು. ಅವಳಿಗೆ ಈಗ ನಾನೇನು ಹೇಳಲಿ ಎಂದು ಕೇಳಿದ. ಅವನ ಸಿಟ್ಟು ಜೋರಾಗಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಅಣ್ಣ ನೆಲ ನೋಡುತ್ತ ತಪ್ಪಾಯಿತು ಎಂದ. ಒಂದೇ ಪದ. ಅವನು ಅಷ್ಟು ಚಿಕ್ಕದಾಗಿ ಮಾತು ಮುಗಿಸಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಅವರು ಅತ್ತಿದ್ದು ಕಾಫಿಗೋ, ಸುಮ್ಮನಿದ್ದದ್ದಕ್ಕೋ?" ಎಂದು ಕಣದಕ್ಕ ಕೇಳಿದಳು. ಅವನು ಗೊತ್ತಿಲ್ಲ ಎಂದ. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟುಹೋದ. ಕಾಫಿ ಕೊಳ್ಳುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಆಮೇಲಿನ ವಾರಗಳು ಸುಮ್ಮನೆ ಕಳೆಯಲಿಲ್ಲ. ಅಣ್ಣ ತಂಗಿಯ ಜೊತೆ ಮಾತು ಬಿಟ್ಟ, ಅಮ್ಮನ ಜೊತೆಯೂ ಬಿಟ್ಟ. ಆದರೆ ಬೆಳಗ್ಗೆ ಏಳಕ್ಕೆ ಕಣಕ್ಕೆ ಬರತೊಡಗಿದ. ಒಂದು ಮೂಲೆಯಲ್ಲಿ ನಿಂತು ಹಣ್ಣು ತಿರುವುತ್ತಿದ್ದ, ತಪ್ಪುತಪ್ಪಾಗಿ. ಕಣದಕ್ಕ ನಾಲ್ಕು ದಿನ ನೋಡಿದಳು. ಐದನೆಯ ದಿನ ತಡೆಯಲಾಗದೆ ಹೋಗಿ ಅವನ ಕೈ ಹಿಡಿದು, ಅಡಿಯದು ಮೇಲೆ ಬರಬೇಕು, ಹೀಗೆ ಸವರಿದರೆ ಆಗುವುದಿಲ್ಲ ಎಂದು ತೋರಿಸಿಕೊಟ್ಟಳು. ಅವನು ಸ್ವಲ್ಪ ಹೊತ್ತು ಅವಳ ಉಗುರುಗಳನ್ನು ನೋಡಿದ. "ಇದು ಹೋಗೋದೇ ಇಲ್ವಾ?" ಎಂದು ಕೇಳಿದ. ಹೋಗುವುದಿಲ್ಲ ಎಂದಳು. ಅಲ್ಲಿಂದ ಮತ್ತೆ ಮಾತು ಶುರುವಾಯಿತು, ಮಧ್ಯಾಹ್ನದ ಹೊತ್ತಿಗೆ ಯಾಕಾದರೂ ಶುರುವಾಯಿತೋ ಎಂದು ಅವಳಿಗನ್ನಿಸಿತು.

ಬೀಜ ಒಣಗಿ ಚೀಲ ಸೇರಿದ ಮೇಲೆ ನಗರದಿಂದ ಫೋನು ಬಂತು. ಅತ್ತಿಗೆ ಎತ್ತಿದಳು. ಹುರಿಯುವವನು ನಮೂನೆ ತರಿಸಿ ನೋಡಬೇಕೆಂದಿದ್ದ, ಆದರೆ ಅಂಚೆಯಲ್ಲಿ ಬೇಡ, ಕಣದಕ್ಕ ಅವರೇ ತರಲಿ ಎಂದ.

ಅವಳು ಹೋದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹತ್ತು ಬಟ್ಟಲು ಕಾಫಿ, ಯಾವುದು ಯಾವ ತೋಟದ್ದೆಂದು ಬರೆದಿರಲಿಲ್ಲ. ಅವಳ ಕೈಗೆ ಒಂದು ಚಮಚ ಕೊಟ್ಟ. ಜೋರಾಗಿ ಸೊರ್ರೆಂದು ಹೀರಬೇಕು, ನಾಚಿಕೆ ಬೇಡ ಎಂದ. ಇಪ್ಪತ್ತೆರಡು ವರ್ಷ ಕಾಫಿ ಬೆಳೆದವಳಿಗೆ ಕಾಫಿ ಕುಡಿಯಲು ಕಲಿಸುತ್ತಾನಲ್ಲ ಎಂದು ಅವಳು ಹೀರಿದ ಸದ್ದಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಏಳನೆಯ ಬಟ್ಟಲಲ್ಲಿ ಅವಳ ನಾಲಗೆ ನಿಂತಿತು. ಇದು ನಮ್ಮದು ಎಂದಳು. ಹೇಗೆ ಗೊತ್ತಾಯಿತು ಎಂದು ಅವನು ಕೇಳಿದ. ಕೊನೆಯಲ್ಲಿ ಒಂದು ಚೂರು ಹುಳಿ ಕಚ್ಚುತ್ತೆ, ಅದು ಜಗಲಿಯ ಬಿಸಿಲು ಎಂದಳು.

ಅವನು ಅದೇ ಬಟ್ಟಲನ್ನು ಮತ್ತೆ ಮತ್ತೆ ಹೀರಿದ. ಹೋದ ವರ್ಷದ್ದಲ್ಲ ಇದು ಎಂದ. ಅಲ್ಲ ಎಂದು ಅವಳೂ ಒಪ್ಪಿದಳು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ಚೆನ್ನಾಗಿದೆ, ತಗೊಳ್ಳುತ್ತೇನೆ ಎಂದ. ಪೊಟ್ಟಣದ ಮೇಲೆ ಈ ಸಲ ತೋಟ ಎಲ್ಲಿದೆ, ಹಣ್ಣು ಎಷ್ಟು ದಿನ ಮುಚ್ಚಿಟ್ಟದ್ದು, ಯಾರು ಒಣಗಿಸಿದ್ದು ಇಷ್ಟೇ ಇರುತ್ತದೆ, ಒಣಗಿಸಿದವರ ಹೆಸರು ಬೇಕು ಎಂದ. ಮನೆಯವರೆಲ್ಲ ಒಣಗಿಸಿದ್ದು ಎಂದು ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಕಣದಕ್ಕ ಎಂದು ಬರೆಯಿರಿ ಎಂದಳು.

ಅಂಗಡಿಯ ಮುಂಭಾಗದಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿ, ಹೊಸ ಕಾಫಿಯ ಮೊದಲ ಕಪ್ಪುಗಳನ್ನು ಗಿರಾಕಿಗಳಿಗೆ ಕೊಟ್ಟ. ಹಾಡು ಹಾಡುತ್ತಲೇ ಇತ್ತು. ಪಕ್ಕದ ಮೇಜಿನಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರು ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು, ಬಹಳ ಯೋಚಿಸಿದರು. ಹುರಿಯುವವನು ಉಸಿರು ಬಿಗಿಹಿಡಿದು ನಿಂತಿದ್ದ.

"ಎರಡು ಚಮಚ ಸಕ್ಕರೆ ಸಿಗುತ್ತಾ?" ಎಂದು ಅವರು ಕೇಳಿದರು.

ಹುರಿಯುವವನ ಮುಖ ಹಿಂಡಿದ ನಿಂಬೆಯಂತಾಯಿತು. ಕಣದಕ್ಕ ಎದ್ದು, ಗಲ್ಲಾದ ಹಿಂದೆ ಹುಡುಕಿ, ಸಕ್ಕರೆ ಡಬ್ಬಿ ತಂದು ಹಿರಿಯರ ಮುಂದಿಟ್ಟಳು. ಮೂರು ಬೇಕಾದರೂ ಹಾಕಿಕೊಳ್ಳಿ ಎಂದಳು. ತನ್ನ ಕಪ್ಪಿನಲ್ಲಿ ಉಳಿದದ್ದನ್ನು ನಿಂತೇ ಕುಡಿದು ಮುಗಿಸಿ, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಳು. ಕಣದಲ್ಲಿ ಕಡೆಯ ಕುಯ್ಲಿನ ಮೂರು ಮೇಜಿನ ಹಣ್ಣು ಇನ್ನೂ ಅರ್ಧ ಒಣಗಿತ್ತು, ಅದನ್ನು ಕತ್ತಲಾಗುವ ಮೊದಲು ತಿರುವಬೇಕಿತ್ತು.